ಸ್ವೀಡನ್ನಿನ ಫ್ಲ್ಯಾಟಿನಲ್ಲಿ ಮನೆವಾರ್ತೆ: ಬಟ್ಟೆಕೋಣೆ, ಗಾಳಿಕೊಳವೆ, ಕಸದ ಚೀಲ, ಬಚ್ಚಲ ಗುಂಡಿ

ಸ್ಟಾಕ್‌ಹೋಮ್ ಅಥವಾ ಗೋಥೆನ್‌ಬರ್ಗ್‌ನ ಫ್ಲ್ಯಾಟಿಗೆ ಹೊಸದಾಗಿ ಬಂದವರು ಮೊದಲು ಸೋಫಾ, ಮಂಚ, ಪರದೆ ಎಂದು ಪಟ್ಟಿ ಮಾಡುತ್ತಾರೆ. ಅವೆಲ್ಲ ನಿಧಾನವಾಗಿ ಆಗಲಿ. ಇಲ್ಲಿಯ ಮನೆ ನಡೆಯುವುದು ಇಡೀ ಕಟ್ಟಡಕ್ಕೆ ಒಂದೇ ಆಗಿರುವ ವ್ಯವಸ್ಥೆಗಳ ಮೇಲೆ: ಬಟ್ಟೆ ಒಗೆಯುವ ಕೋಣೆ ಎಲ್ಲರದು, ಗಾಳಿ ಹೊರಹೋಗುವ ಕೊಳವೆ ಎಲ್ಲರದು, ಬಿಸಿನೀರಿನ ರೇಡಿಯೇಟರ್ ಜಾಲ ಎಲ್ಲರದು, ಕಸದ ಕೋಣೆಯೂ ಎಲ್ಲರದು. ಇವುಗಳ ರೀತಿ ತಿಳಿದವರಿಗೆ ಅಲ್ಲಿಯ ಬದುಕು ಸಲೀಸು. ತಿಳಿಯದಿದ್ದರೆ ನೆರೆಮನೆಯವರ ಜೊತೆಗಿನ ಮೊದಲ ಮಾತೇ ಗೋಡೆಗೆ ಅಂಟಿಸಿದ ಚೀಟಿಯಾಗಿರುತ್ತದೆ. ಕನ್ನಡದ ಅಡುಗೆಮನೆಯನ್ನು ಜೊತೆಗೆ ಕೊಂಡೊಯ್ಯುವವರು ಗಮನಿಸಬೇಕಾದ ಕೆಲವು ಸಂಗತಿಗಳನ್ನೂ ಅಲ್ಲಲ್ಲೇ ಹೇಳಿದ್ದೇವೆ.

ಬಟ್ಟೆಕೋಣೆ

ಸ್ವೀಡನ್ನಿನ ನಗರಗಳ ಎಷ್ಟೋ ಫ್ಲ್ಯಾಟುಗಳಲ್ಲಿ ಸ್ವಂತ ವಾಷಿಂಗ್ ಮೆಷಿನ್ ಇರುವುದಿಲ್ಲ. ನೆಲಮಾಳಿಗೆಯಲ್ಲೋ ಅಂಗಳದ ಬದಿಯಲ್ಲೋ ತ್ವೆತ್‌ಸ್ತೂಗ ಎಂಬ ಸಾಮೂಹಿಕ ಕೋಣೆ ಇರುತ್ತದೆ. 1923ರಲ್ಲಿ ಹುಟ್ಟಿದ ಎಚ್‌ಎಸ್‌ಬಿ ಎಂಬ ವಸತಿ ಸಹಕಾರ ಸಂಘ ಆ ದಶಕದಿಂದಲೇ ತನ್ನ ಕಟ್ಟಡಗಳಲ್ಲಿ ಯಂತ್ರ ಹೂಡಿದ ಬಟ್ಟೆಕೋಣೆಗಳನ್ನು ಕಟ್ಟಿಸಿತು. ಬಾಡಿಗೆ ಮನೆಯವರೂ ಮಾಲೀಕರೂ ಈಗಲೂ ಅವನ್ನೇ ನೆಚ್ಚಿದ್ದಾರೆ. ನೆಚ್ಚುವುದಕ್ಕೆ ಕಾರಣವಿದೆ. ಅಲ್ಲಿರುವುದು ಮನೆಬಳಕೆಯ ಯಂತ್ರಗಳಲ್ಲ, ಹೆಚ್ಚು ಶಕ್ತಿಯ ವೃತ್ತಿಬಳಕೆಯ ಯಂತ್ರಗಳು. ಮನೆಯ ಮೆಷಿನ್ನಿನಲ್ಲಿ ಎರಡು ಗಂಟೆ ಹಿಡಿಯುವ 40 ಡಿಗ್ರಿಯ ತೊಳೆತ ಅಲ್ಲಿ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ.

ಮೊದಲ ಹೆಜ್ಜೆ ಸಮಯ ಕಾಯ್ದಿರಿಸುವುದು. ಹಳೆಯ ಕಟ್ಟಡದಲ್ಲಿ ಗೋಡೆಯ ಹಲಗೆಯ ಮೇಲೆ ತಿಂಗಳ ದಿನಗಳು, ದಿನಕ್ಕೆ ಮೂರು-ನಾಲ್ಕು ಗಂಟೆಯ ಕೆಲವು ಪಾಳಿಗಳು, ಪ್ರತಿ ಪಾಳಿಗೂ ಒಂದು ತೂತು. ನಿಮ್ಮ ಮನೆ ಸಂಖ್ಯೆಯಿರುವ ಪುಟ್ಟ ಬೀಗವನ್ನು ಬೇಕಾದ ಪಾಳಿಯ ತೂತಿಗೆ ಹಾಕಿ ಕೀಲಿ ತಿರುಗಿಸಿದರೆ ಆ ಹೊತ್ತು ನಿಮ್ಮದು. ಹೊಸ ಕಟ್ಟಡದಲ್ಲಿ ಪರದೆಗೆ ಟ್ಯಾಗ್ ತೋರಿಸಬೇಕು, ಇಲ್ಲವೇ ಫೋನಿನಲ್ಲೇ ಕಾಯ್ದಿರಿಸಬೇಕು. ಒಂದು ಮನೆಗೆ ಒಮ್ಮೆಗೆ ಒಂದೇ ಪಾಳಿ ಎಂಬುದು ಸಾಮಾನ್ಯ ನಿಯಮ. ಪಾಳಿ ಶುರುವಾಗಿ ಅರ್ಧ ಗಂಟೆಯೊಳಗೆ ನೀವು ಬಾರದಿದ್ದರೆ ಬೇರೆಯವರು ಅದನ್ನು ಬಳಸಬಹುದು ಎಂಬ ನಿಯಮವೂ ಹಲವು ಕಡೆ ಇದೆ. ನಿಮ್ಮ ಕಟ್ಟಡದ್ದು ಕಾಲು ಗಂಟೆಯೋ ಅರ್ಧ ಗಂಟೆಯೋ, ಬಾಗಿಲ ಮೇಲಿನ ಚೀಟಿಯಲ್ಲಿ ಓದಿಕೊಳ್ಳಿ. ಭಾನುವಾರದ ಮಧ್ಯಾಹ್ನ ಎಲ್ಲರಿಗೂ ಬೇಕು. ಮನೆಯಿಂದ ಕೆಲಸ ಮಾಡುವವರಿಗೆ ವಾರದ ನಡುವಿನ ಬೆಳಗ್ಗೆಗಳು ಸುಲಭವಾಗಿ ಸಿಗುತ್ತವೆ.

ಮೂರು ಗಂಟೆಯ ಪಾಳಿ, ಎರಡು ಯಂತ್ರ, ಒಂದು ಒಣಗಿಸುವ ಬೀರು ಇದೆ ಎಂದಿಟ್ಟುಕೊಳ್ಳಿ. ಕೆಲಸ ಈ ಕ್ರಮದಲ್ಲಿ ನಡೆಯಲಿ:

1. ಬಟ್ಟೆಯನ್ನು ಮನೆಯಲ್ಲೇ ವಿಂಗಡಿಸಿ ಬೇರೆ ಬೇರೆ ಚೀಲದಲ್ಲಿ ತನ್ನಿ. ಅಲ್ಲಿ ನಿಂತು ವಿಂಗಡಿಸಲು ಹೋದರೆ ಹತ್ತು ನಿಮಿಷ ಹಾಳು. ಸೋಪಿನ ಪುಡಿಯನ್ನೂ ನೀವೇ ತರಬೇಕು.

2. ಒಣಗಲು ಹೆಚ್ಚು ಹೊತ್ತು ಬೇಕಾದ ದಪ್ಪ ಬಟ್ಟೆ, ಟವೆಲು, ಹಾಸಿಗೆ ಬಟ್ಟೆಯನ್ನು ಮೊದಲ ಸುತ್ತಿನಲ್ಲೇ ಹಾಕಿ. ತೆಳು ಅಂಗಿಗಳು ಎರಡನೇ ಸುತ್ತಿಗೆ. ಇಲ್ಲಿ ಎಡವುವವರೇ ಹೆಚ್ಚು. ಜೀನ್ಸ್ ಕೊನೆಗೆ ಉಳಿದರೆ ಒದ್ದೆ ಬಟ್ಟೆಯನ್ನೇ ಹೊತ್ತು ಮೇಲೆ ಹೋಗಬೇಕಾಗುತ್ತದೆ.

3. ಡ್ರಮ್ಮನ್ನು ತುಂಬಿಸಿ, ತುರುಕಬೇಡಿ. ಬಟ್ಟೆಯ ಮೇಲೆ ಅಂಗೈ ನಿಲ್ಲಿಸುವಷ್ಟು ಜಾಗ ಉಳಿದಿರಲಿ.

4. ಸೋಪಿನ ಅಳತೆ ಪೊಟ್ಟಣದ ಹಿಂದಿನ ಕೋಷ್ಟಕದಲ್ಲಿದೆ, ನೀರಿನ ಗಡಸುತನಕ್ಕೆ ತಕ್ಕಂತೆ. ಸ್ಟಾಕ್‌ಹೋಮ್, ಗೋಥೆನ್‌ಬರ್ಗ್ ಎರಡೂ ಕಡೆ ನೀರು ಮೆದು. ಹಾಗಾಗಿ ಮೆದು ನೀರಿನ ಸಾಲನ್ನೇ ನೋಡಿ. ಸಾಂದ್ರ ಪುಡಿಯಾದರೆ ಅರ್ಧ ಡೆಸಿಲೀಟರ್‌ಗಿಂತ (50 ಮಿಲಿಲೀಟರ್) ಕಡಿಮೆ ಸಾಕಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಒಗ್ಗಿದ ಕೈ ಎರಡರಷ್ಟು ಸುರಿಯುತ್ತದೆ. ಆಗ ನೊರೆ ಹೆಚ್ಚಾಗಿ ಬಟ್ಟೆ ಒಂದಕ್ಕೊಂದು ಉಜ್ಜುವುದೇ ಇಲ್ಲ, ಜಾಲಿಸಿದ ಮೇಲೂ ಸೋಪು ಉಳಿದು ಟವೆಲು ಬಿರುಸಾಗುತ್ತದೆ, ಚರ್ಮ ತುರಿಸುತ್ತದೆ.

5. ಮೊದಲ ಸುತ್ತು ಮುಗಿದ ತಕ್ಷಣ ಎರಡನೆಯದನ್ನು ಹಾಕಿ, ಒಗೆದದ್ದನ್ನು ಒಣಗಿಸುವ ಬೀರುವಿನಲ್ಲಿ ತೂಗುಹಾಕಿ. ಕೊನೆಯ ತೊಳೆತ ಮುಗಿಯುವ ಹೊತ್ತಿಗೆ ಪಾಳಿಯಲ್ಲಿ ಕನಿಷ್ಠ ಒಂದು ಗಂಟೆ ಉಳಿದಿರಬೇಕು. ಒಣಗಿಸುವುದಕ್ಕೆ ಪಾಳಿಯ ನಂತರವೂ ಅರ್ಧ-ಒಂದು ಗಂಟೆ ಕೊಡುವ ಕಟ್ಟಡಗಳಿವೆ, ಆದರೆ ನಿಯಮ ನೋಡದೆ ಅದನ್ನು ನಂಬಬೇಡಿ.

6. ಹೊರಡುವ ಮುನ್ನ, ಟಂಬಲರ್ ಎಂಬ ಬಟ್ಟೆ ತಿರುಗಿಸಿ ಒಣಗಿಸುವ ಯಂತ್ರವೂ ಇದ್ದರೆ ಅದರ ಜಾಲರಿಯಿಂದ ನಾರು ತೆಗೆಯಿರಿ, ಸೋಪಿನ ಡ್ರಾಯರ್ ಒರೆಸಿ, ನೆಲ ಗುಡಿಸಿ, ಯಂತ್ರದ ಬಾಗಿಲನ್ನು ಸ್ವಲ್ಪ ತೆರೆದಿಡಿ. ಜಾಲರಿ ತುಂಬಿದರೆ ಬಿಸಿಗಾಳಿ ಆಡದೆ ಮುಂದಿನವರ ಬಟ್ಟೆ ಎಷ್ಟು ಹೊತ್ತಾದರೂ ಒಣಗುವುದಿಲ್ಲ, ಬೆಂಕಿಯ ಅಪಾಯ ಬೇರೆ. ಕಟ್ಟಡದಲ್ಲಿ ಅತಿ ಹೆಚ್ಚು ಮನಸ್ತಾಪ ಹುಟ್ಟಿಸುವ ವಸ್ತು ಈ ನಾರಿನ ಜಾಲರಿಯೇ.

ಬಿಳಿ ಬಟ್ಟೆಯ ಪುಡಿಯಲ್ಲಿ ಬ್ಲೀಚ್ ಇರುತ್ತದೆ, ಬಣ್ಣದ ಬಟ್ಟೆಯದರಲ್ಲಿ ಇರುವುದಿಲ್ಲ. ಅರಿಶಿನದ ಕಲೆಯಿರುವ ಬಿಳಿ ಅಡುಗೆ ಬಟ್ಟೆಗಳಿಗೆ ಬಿಳಿ ಪುಡಿ, 60 ಡಿಗ್ರಿ. ಸೋಪು ತಾಗಿ ಕಲೆ ಕೆಂಪಾದರೆ ಗಾಬರಿ ಬೇಡ, ಅರಿಶಿನಕ್ಕೆ ಕ್ಷಾರ ಸೇರಿದರೆ ಆಗುವುದೇ ಹಾಗೆ. ಉಳಿದ ಹಳದಿಯನ್ನು ಬೇಸಿಗೆಯ ಬಿಸಿಲು ತೆಗೆಯುತ್ತದೆ. ಹೊಸ ಇಳಕಲ್ ಸೀರೆಯಂಥ ಬಣ್ಣ ಬಿಡುವ ಬಟ್ಟೆಯನ್ನು ಸಾಮೂಹಿಕ ಯಂತ್ರಕ್ಕೆ ಹಾಕಲೇಬೇಡಿ, ಬಕೆಟ್ಟಿನಲ್ಲೇ ಒಗೆಯಿರಿ. ರೇಷ್ಮೆಯನ್ನೂ ಅಷ್ಟೆ.

ಕೋಣೆಯ ಮೂಲೆಯಲ್ಲಿ ಎರಡು ಮರದ ಉರುಳೆಗಳ ಒಂದು ಯಂತ್ರವಿರಬಹುದು. ಅದು ಮಾಂಗೆಲ್, ಬಟ್ಟೆಯನ್ನು ಒತ್ತಿ ನಯ ಮಾಡುವುದಕ್ಕೆ. ಹೊಸಬರು ಅದರ ಬಳಿ ಸುಳಿಯುವುದಿಲ್ಲ, ಅದು ದೊಡ್ಡ ನಷ್ಟ. ಹಾಸಿಗೆ ಬಟ್ಟೆಗೆಂದೇ ಇರುವ ಆ ಉರುಳೆಗಳು ಹತ್ತಿಯ ಸೀರೆಗೂ ಪಂಚೆಗೂ ಹೇಳಿ ಮಾಡಿಸಿದಂತಿವೆ. ಬಟ್ಟೆ ತುಸು ತೇವವಾಗಿರಲಿ, ಅಂಚಿಗೆ ಅಂಚು ಕೂಡಿಸಿ ಉದ್ದಕ್ಕೆ ಮಡಚಿ, ಎಳೆದು ನೇರ ಮಾಡಿ, ಉರುಳೆಗೆ ಕೊಡುವಾಗ ಎರಡೂ ಕಡೆ ಸಮನಾಗಿ ಹಿಡಿಯಿರಿ. ಐದೂವರೆ ಮೀಟರಿನ ಸೀರೆಗೆ ಇಸ್ತ್ರಿ ಹಾಕುವ ಕಷ್ಟ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಗುಂಡಿ, ಜಿಪ್ಪು, ಜರಿ ಇರುವುದು ಬೇಡ. ಬೆರಳಿಗೆ ಅಡ್ಡವಿರುವ ರಕ್ಷಣೆಯ ಪಟ್ಟಿಯನ್ನು ಎತ್ತಿಡಬೇಡಿ.

ಒಗ್ಗರಣೆ ಮತ್ತು ಗಾಳಿ

ಅಡುಗೆಮನೆಯ ಚಿಮಣಿಯ ವಿಷಯದಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಬೆಂಗಳೂರಿನಲ್ಲಿ ಒಲೆಯ ಮೇಲೆ ಮೋಟಾರಿನ ಚಿಮಣಿ ಹಾಕಿ ಗೋಡೆಯಲ್ಲಿ ತೂತು ಕೊರೆದು ಕೊಳವೆ ಹೊರಬಿಟ್ಟರೆ ಆಯಿತು. ಸ್ವೀಡನ್ನಿನ ಹೆಚ್ಚಿನ ಕಟ್ಟಡಗಳಲ್ಲಿ ಛಾವಣಿಯ ಮೇಲೆ ಒಂದು ದೊಡ್ಡ ಫ್ಯಾನು ಇದ್ದು, ಅದು ಎಲ್ಲ ಮನೆಗಳ ಅಡುಗೆಮನೆ, ಬಚ್ಚಲುಗಳ ಗಾಳಿಯನ್ನು ಹಗಲು ರಾತ್ರಿ ಎಳೆಯುತ್ತಿರುತ್ತದೆ. ಹೊಸ ಗಾಳಿ ಕಿಟಕಿಯ ಮೇಲಿನ ಅಥವಾ ರೇಡಿಯೇಟರಿನ ಹಿಂದಿನ ಸಣ್ಣ ಕಂಡಿಗಳಿಂದ ಒಳಬರುತ್ತದೆ. ಈ ಸಾಮಾನ್ಯ ಕೊಳವೆಗೆ ನೀವು ಸ್ವಂತ ಮೋಟಾರಿನ ಚಿಮಣಿ ಜೋಡಿಸಿದರೆ ನಿಮ್ಮ ಮೆಣಸಿನಕಾಯಿ ಘಾಟು ಮೇಲಿನ ಮನೆಯ ಬಚ್ಚಲಲ್ಲಿ ಹೊರಬರುತ್ತದೆ, ಇಡೀ ಕಟ್ಟಡದ ಗಾಳಿಯ ಹದ ಕೆಡುತ್ತದೆ. ಇಂಥ ಕಟ್ಟಡಗಳಲ್ಲಿ ಗಾಳಿ ವ್ಯವಸ್ಥೆಯ ಕಡ್ಡಾಯ ತಪಾಸಣೆ 6 ವರ್ಷಕ್ಕೊಮ್ಮೆ, ಗಾಳಿಯನ್ನು ಒಳತಳ್ಳುವ ಫ್ಯಾನೂ ಇರುವಲ್ಲಿ 3 ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿ ಸಿಕ್ಕಿಬಿದ್ದರೆ ಬಿಚ್ಚಿಸುವ ಖರ್ಚು ನಿಮ್ಮದೇ.

ಹಾಗಾದರೆ ಮಾಡಬೇಕಾದ್ದೇನು? ಒಲೆಯ ಮೇಲೆ ಈಗಾಗಲೇ ಇರುವ, ಸಾಮಾನ್ಯ ಕೊಳವೆಗೆ ಸೇರಿದ ಮೋಟಾರಿಲ್ಲದ ಹೊದಿಕೆಯ ಮುಂಭಾಗದಲ್ಲಿ ಒಂದು ಗುಂಡಿಯೋ ತಿರುಗಣೆಯೋ ಇರುತ್ತದೆ. ಅದು ಒಳಗಿನ ಬಾಗಿಲನ್ನು ಪೂರ್ತಿ ತೆರೆದು ಎಳೆತ ಹೆಚ್ಚಿಸುತ್ತದೆ, ಸಮಯ ಮುಗಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಎಣ್ಣೆ ಇಡುವುದಕ್ಕೆ ಐದು ನಿಮಿಷ ಮೊದಲೇ ಅದನ್ನು ತೆರೆಯಿರಿ, ಆಗ ಗಾಳಿ ಹರಿಯುವ ದಿಕ್ಕು ನೆಲೆಗೊಂಡಿರುತ್ತದೆ. ಅಡುಗೆಮನೆಯ ಕಿಟಕಿಯನ್ನು ಪೂರ್ತಿ ತೆರೆಯಬೇಡಿ, ಹೊರಗಿನ ಗಾಳಿ ನುಗ್ಗಿ ಹೊಗೆಯನ್ನು ಕೋಣೆಗಳಿಗೆ ತಳ್ಳುತ್ತದೆ. ಬದಲಿಗೆ ಕೋಣೆಯೊಂದರ ಕಿಟಕಿಯನ್ನು ಬೆರಳಗಲ ತೆರೆದರೆ ಗಾಳಿ ಅಲ್ಲಿಂದ ಅಡುಗೆಮನೆಯತ್ತ ಹರಿಯುತ್ತದೆ. ಸಾಸಿವೆ ಹಾಕಿದ ಕೂಡಲೇ ಮುಚ್ಚಳ ಮುಚ್ಚಿ. ಜಿಡ್ಡಿನ ಜಾಲರಿಯನ್ನು ತಿಂಗಳಿಗೊಮ್ಮೆ ಬಿಸಿನೀರು, ಪಾತ್ರೆ ಸೋಪಿನಲ್ಲಿ ನೆನೆಸಿ ತೊಳೆಯಿರಿ. ಕೊಳವೆಗೆ ಸೇರದ, ಇದ್ದಿಲಿನ ಫಿಲ್ಟರ್ ಇರುವ ಚಿಮಣಿಯನ್ನು ಹಾಕಿಸಬಹುದು. ಆದರೆ ದಿನವೂ ಒಗ್ಗರಣೆ ಬೀಳುವ ಮನೆಯಲ್ಲಿ ಆ ಫಿಲ್ಟರನ್ನು ಮೂರು-ನಾಲ್ಕು ತಿಂಗಳಿಗೊಮ್ಮೆ ಬದಲಿಸದಿದ್ದರೆ ಅದು ಬರೀ ಸದ್ದು ಮಾಡುತ್ತದೆ.

ಚಳಿಗಾಲದ ಕೋಟುಗಳನ್ನು ಬಾಗಿಲ ಬಳಿ ತೆರೆದ ಕೊಕ್ಕೆಗೆ ತೂಗುಹಾಕುವುದು ಅಲ್ಲಿಯ ವಾಡಿಕೆ. ಒಗ್ಗರಣೆಯ ಮನೆಯಲ್ಲಿ ಅದು ಬೇಡ. ಉಣ್ಣೆ ವಾಸನೆ ಹಿಡಿದಿಡುತ್ತದೆ, ಬೀರುವಿನೊಳಗಿಟ್ಟು ಬಾಗಿಲು ಹಾಕಿ. ಹಿಡಿದ ವಾಸನೆಗೆ ಮದ್ದು ಸ್ವೀಡನ್ನಿನವರದ್ದೇ: ಉಣ್ಣೆಯನ್ನು ಮತ್ತೆ ಮತ್ತೆ ಒಗೆಯದೆ, ತೇವವಿರುವ ರಾತ್ರಿ ಬಾಲ್ಕನಿಯಲ್ಲಿ ತೂಗುಹಾಕುತ್ತಾರೆ. ಬೆಳಗ್ಗೆಗೆ ಮುಕ್ಕಾಲು ಪಾಲು ವಾಸನೆ ಹೋಗಿರುತ್ತದೆ.

ಕಿಟಕಿಯ ಕಂಡಿಗಳಿಂದ ಚಳಿ ಬರುತ್ತದೆಂದು ಟೇಪು ಹಚ್ಚುವುದು ಇನ್ನೊಂದು ತಪ್ಪು. ಗಾಳಿ ಬರುವ ದಾರಿ ಮುಚ್ಚಿದರೆ ಫ್ಯಾನು ಬಾಗಿಲಸಂದಿಯಿಂದ, ಬಚ್ಚಲ ಗುಂಡಿಯಿಂದ ಗಾಳಿ ಎಳೆಯುತ್ತದೆ, ಜೊತೆಗೆ ವಾಸನೆಯನ್ನೂ. ಬಚ್ಚಲಿನ ಮೇಲ್ಭಾಗದ ದುಂಡು ಕಂಡಿಯ ಧೂಳು ಒರೆಸಬಹುದು, ಆದರೆ ನಡುವಿನ ತಟ್ಟೆಯನ್ನು ತಿರುಗಿಸಬೇಡಿ. ಅದನ್ನು ಅಳೆದು ಹೊಂದಿಸಿರುತ್ತಾರೆ.

ಮನೆಯೊಳಗಿನ ಬಿಸಿ

ರೇಡಿಯೇಟರ್ ಮುಟ್ಟಿದರೆ ತಣ್ಣಗಿದೆ ಎಂದ ಮಾತ್ರಕ್ಕೆ ಕೆಟ್ಟಿಲ್ಲ. ಕೋಣೆ 20-21 ಡಿಗ್ರಿ ತಲುಪಿದಾಗ ಅದರ ಥರ್ಮೋಸ್ಟಾಟ್ ನೀರನ್ನು ತಡೆಯುತ್ತದೆ. ಸೋಫಾವನ್ನೋ ಉದ್ದ ಪರದೆಯನ್ನೋ ಅದರ ಮುಂದೆ ಇಟ್ಟರೆ ಸುತ್ತಲ ಬಿಸಿಗಾಳಿಯನ್ನೇ ಕೋಣೆಯ ಬಿಸಿಯೆಂದು ಅದು ಎಣಿಸಿ ಬೇಗ ಮುಚ್ಚಿಕೊಳ್ಳುತ್ತದೆ, ನೀವು ಚಳಿಯಲ್ಲಿ ಕೂರುತ್ತೀರಿ. ಒಳಗೆ ಗುಳುಗುಳು ಸದ್ದಾದರೆ ಗಾಳಿ ಸೇರಿದೆ ಎಂದರ್ಥ. ಸ್ವತಃ ಬಿಚ್ಚದೆ ಕಟ್ಟಡದವರಿಗೆ ದೂರು ಕೊಡಿ, ಅವರ ಜಾಲತಾಣದಲ್ಲಿ ಫೆಲ್‌ಆನ್‌ಮೇಲನ್ (ದೋಷ ತಿಳಿಸುವುದು) ಎಂಬ ಪುಟ ಅದಕ್ಕೇ ಇದೆ. ಗಾಳಿ ಬೇಕಾದಾಗ ಕಿಟಕಿಯನ್ನು ದಿನವಿಡೀ ಓರೆಯಾಗಿ ಬಿಡುವ ಬದಲು, ಎದುರುಬದುರು ಕಿಟಕಿಗಳನ್ನು ಐದು ನಿಮಿಷ ಅಗಲವಾಗಿ ತೆರೆದು ಮುಚ್ಚಿ. ಗಾಳಿ ಬದಲಾಗುತ್ತದೆ, ಗೋಡೆಗಳ ಬಿಸಿ ಉಳಿಯುತ್ತದೆ.

ಈ 20-21 ಡಿಗ್ರಿಯಲ್ಲಿ ದೋಸೆ ಹಿಟ್ಟು ರಾತ್ರಿ ಕಳೆದರೂ ಹುಳಿಯುವುದಿಲ್ಲ. ಓವನ್ನಿನ ಒಳದೀಪವನ್ನಷ್ಟೇ ಹಾಕಿ, ಪಾತ್ರೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿ. ಹಳೆಯ ಬಗೆಯ ಬಲ್ಬಾದರೆ ಹಿಟ್ಟಿಗೆ ಬೇಕಾದಷ್ಟು ಬೆಚ್ಚಗೆ ಇರುತ್ತದೆ, ಎಲ್‌ಇಡಿ ಆದರೆ ಸಾಲದು, ಆಗ ಪಕ್ಕದಲ್ಲಿ ಒಂದು ಪಾತ್ರೆ ಬಿಸಿನೀರು ಇಡಿ. ಓವನ್ನಿನ ಗುಂಡಿಯ ಮೇಲೆ "ಒಳಗೆ ಹಿಟ್ಟಿದೆ" ಎಂಬ ಚೀಟಿ ಅಂಟಿಸುವುದನ್ನು ಮರೆಯಬೇಡಿ.

ಊರಿನಿಂದ ತಂದ ಮಿಕ್ಸಿ, ಗ್ರೈಂಡರ್ ಎರಡೂ ನಡೆಯುತ್ತವೆ, ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ಗಿಗೆ ಮಾತ್ರ ಅರ್ಥಿಂಗ್ ಇರುವ ಅಡಾಪ್ಟರ್ ಬೇಕು. ಹಳೆಯ ಮನೆಗಳ ಕೋಣೆಗಳಲ್ಲಿ ಅರ್ಥಿಂಗ್ ಇಲ್ಲದ ಸಾಕೆಟ್ಟುಗಳಿರುತ್ತವೆ, ಆದ್ದರಿಂದ ಅಡುಗೆಮನೆಯ ಸಾಕೆಟ್ಟನ್ನೇ ಬಳಸಿ. 10 ಆಂಪಿಯರಿನ ಒಂದು ಫ್ಯೂಸು ತಾಳುವುದು ಸುಮಾರು 2300 ವ್ಯಾಟ್. 2000 ವ್ಯಾಟಿನ ನೀರು ಕಾಯಿಸುವ ಕೆಟಲ್ ಜೊತೆಗೇ 750 ವ್ಯಾಟಿನ ಮಿಕ್ಸಿ ತಿರುಗಿಸಿದರೆ ಫ್ಯೂಸು ಹೋಗುವುದು ಅದಕ್ಕೇ. ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ಸದ್ದಿಲ್ಲದಿರುವುದು ಹೆಚ್ಚಿನ ಕಟ್ಟಡಗಳ ನಿಯಮ, ಚಟ್ನಿಗೂ ಅದು ಅನ್ವಯ. ಇಂಡಕ್ಷನ್ ಒಲೆಯಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಹೊತ್ತು ತರಬೇಡಿ. ಊರಿನಲ್ಲೇ ಕುಕ್ಕರಿನ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಮಾತ್ರ ತನ್ನಿ.

ಕಸ

2024ರ ಜನವರಿ 1ರಿಂದ ಸ್ವೀಡನ್ನಿನಲ್ಲಿ ಅಡುಗೆಮನೆಯ ಹಸಿಕಸವನ್ನು ಬೇರೆ ಮಾಡುವುದು ಕಡ್ಡಾಯ. ಅದರಿಂದ ಬಯೋಗ್ಯಾಸ್ ತಯಾರಾಗಿ ನಗರದ ಬಸ್ಸುಗಳು ಓಡುತ್ತವೆ, ಉಳಿದದ್ದು ಹೊಲಕ್ಕೆ ಗೊಬ್ಬರ. ವಿಂಗಡಿಸದೆ ಉಳಿದ ಕಸ ಸುಡುವ ಸ್ಥಾವರಕ್ಕೆ ಹೋಗಿ, ಆ ಶಾಖವೇ ಕೊಳವೆಗಳ ಮೂಲಕ ನಿಮ್ಮ ರೇಡಿಯೇಟರಿಗೆ ಬರುತ್ತದೆ. ಹಸಿಕಸದ ಚೀಲ ಎಂಥದು ಎಂಬುದನ್ನು ನಗರಸಭೆ ನಿರ್ಧರಿಸುತ್ತದೆ, ಅವರು ಕೊಟ್ಟದ್ದನ್ನು ಬಿಟ್ಟು ಬೇರೆ ಬಳಸಬೇಡಿ.

ಕಂದು ಕಾಗದದ ಚೀಲವಾದರೆ ದೊಡ್ಡ ಗೋಳು ತಳ ಕಿತ್ತುಹೋಗುವುದು. ಕಾರಣ ನೀರಲ್ಲದೆ ಬೇರೇನಲ್ಲ. ಸಿಪ್ಪೆ, ಚಹಾ ಚರಟ, ತಟ್ಟೆಯ ಅನ್ನವನ್ನು ಮೊದಲು ಸಿಂಕಿನ ಜಾಲರಿಯಲ್ಲಿ ಬಸಿಯಲು ಬಿಡಿ. ಚೀಲದ ತಳಕ್ಕೆ ಒಂದು ತುಂಡು ಅಡುಗೆ ಕಾಗದ ಹಾಸಿ. ಗಾಳಿಯಾಡುವ ಜಾಲರಿಯ ಬುಟ್ಟಿಯಲ್ಲೇ ಚೀಲ ನಿಲ್ಲಲಿ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಲ್ಲ. ತುಂಬಿರಲಿ ಬಿಡಲಿ, ಎರಡು-ಮೂರು ದಿನಕ್ಕೆ ಬಾಯಿ ಮಡಚಿ ಕೆಳಗೆ ಒಯ್ಯಿರಿ. ಸಾಂಬಾರು, ರಸಂಗಳ ತಿಳಿಯನ್ನು ಸೋಸಿ ಗಟ್ಟಿಯನ್ನಷ್ಟೇ ಹಾಕಬೇಕು.

ಕರಿದ ಎಣ್ಣೆಯನ್ನು ಸಿಂಕಿಗೆ ಸುರಿದರೆ ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ. ತುಪ್ಪ ಇನ್ನೂ ಬೇಗ. ಬಾಣಲೆಯ ಜಿಡ್ಡನ್ನು ಕಾಗದದಲ್ಲಿ ಒರೆಸಿ. ಹೆಚ್ಚಿನ ಎಣ್ಣೆಯನ್ನು ಆರಿಸಿ ಮುಚ್ಚಳವಿರುವ ಬಾಟಲಿಯಲ್ಲಿ ತುಂಬಿ ನಗರಸಭೆಯ ದೊಡ್ಡ ಮರುಬಳಕೆ ಕೇಂದ್ರಕ್ಕೆ ಕೊಡಿ.

ಪೊಟ್ಟಣಗಳ ವಿಂಗಡಣೆಯಲ್ಲಿ ನೆನಪಿಡಬೇಕಾದ್ದು ಇಷ್ಟೆ: ಗಾಜು, ಕಾಗದ, ಪ್ಲಾಸ್ಟಿಕ್ ಎಂದು ಬೇರೆ ಬೇರೆ ಇರುವ ಡಬ್ಬಗಳು ಪೊಟ್ಟಣಗಳಿಗೆ, ಆ ವಸ್ತುವಿನಿಂದ ಮಾಡಿದ ಎಲ್ಲದಕ್ಕೂ ಅಲ್ಲ. ಉಪ್ಪಿನಕಾಯಿಯ ಗಾಜಿನ ಭರಣಿ ಗಾಜಿನ ಡಬ್ಬಕ್ಕೆ, ಒಡೆದ ಲೋಟ ಅಲ್ಲ. ಲೋಟದ ಗಾಜು ಬೇರೆ ತಾಪದಲ್ಲಿ ಕರಗುವುದರಿಂದ ಮರುಬಳಕೆಯ ಗಾಜನ್ನೆಲ್ಲ ಕೆಡಿಸಬಹುದು. ಬಣ್ಣದ ಗಾಜು, ಬಣ್ಣವಿಲ್ಲದ ಗಾಜು ಬೇರೆ ಬೇರೆ. ಹಾಲಿನ ಪೆಟ್ಟಿಗೆ ಕಾಗದಕ್ಕೆ, ಅದರ ಮುಚ್ಚಳ ಪ್ಲಾಸ್ಟಿಕ್ಕಿಗೆ. ಡಬ್ಬಿಗಳನ್ನು ಬಿಸಿನೀರಿನಲ್ಲಿ ತೊಳೆಯಬೇಕಿಲ್ಲ, ಕೆರೆದು ಖಾಲಿ ಮಾಡಿದರೆ ಸಾಕು. ಮಿಕ್ಕ ಔಷಧಿಯನ್ನು ಔಷಧಿ ಅಂಗಡಿಯವರು ತೆಗೆದುಕೊಳ್ಳುತ್ತಾರೆ.

ಪಾನೀಯದ ಅಲ್ಯೂಮಿನಿಯಂ ಡಬ್ಬಿ, ಪ್ಲಾಸ್ಟಿಕ್ ಬಾಟಲಿಗಳಿಗೆ ಠೇವಣಿ ಇದೆ. ಡಬ್ಬಿಗಳಿಗೆ 1984ರಿಂದ, ಬಾಟಲಿಗಳಿಗೆ 1994ರಿಂದ. ಮೊತ್ತ ಡಬ್ಬಿಯ ಮೇಲೆಯೇ ಇರುತ್ತದೆ, ಕಿರಾಣಿ ಅಂಗಡಿಯ ಬಾಗಿಲ ಬಳಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ. ಜಜ್ಜಬೇಡಿ, ಬಾರ್‌ಕೋಡ್ ಓದಲಾಗದಿದ್ದರೆ ಹಣವಿಲ್ಲ.

ನೆಲ ಮತ್ತು ಬಚ್ಚಲ ಗುಂಡಿ

ಅಡುಗೆಮನೆಗೆ ನೀರು ಹೊಯ್ದು ತೊಳೆಯುವ ಅಭ್ಯಾಸ ಅಲ್ಲಿ ನಡೆಯದು. ನೀರು ಹೋಗಲು ಅಡುಗೆಮನೆಯಲ್ಲಿ ದಾರಿಯೇ ಇರುವುದಿಲ್ಲ, ಅದು ಕೆಳಗಿನ ಮನೆಯ ಮಾಡಿಗೆ ಇಳಿಯುತ್ತದೆ. ಮರದ ನೆಲಕ್ಕೆ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಒರೆಸಿದ ಒಂದೆರಡು ನಿಮಿಷಕ್ಕೆ ಒಣಗದಿದ್ದರೆ ನೀರು ಹೆಚ್ಚಾಯಿತೆಂದು ತಿಳಿಯಿರಿ, ಹಲಗೆಗಳ ಅಂಚು ಉಬ್ಬುವುದು ಹೀಗೇ. ಚಳಿಗಾಲದಲ್ಲಿ ಬೂಟಿನಿಂದ ಬರುವ ಜಲ್ಲಿಪುಡಿ ನೆಲವನ್ನು ಗೀಚುತ್ತದೆ, ಹಾಗಾಗಿ ಬೂಟು ಬಾಗಿಲಲ್ಲೇ ಬಿಡಬೇಕು, ಅಡಿಯಲ್ಲಿ ಅಂಚೆತ್ತಿದ ತಟ್ಟೆ ಇಡಬೇಕು. ಮೆಟ್ಟಿಲಿನ ಬಳಿ ಮಾತ್ರ ಬಿಡಬೇಡಿ, ಬೆಂಕಿ ಬಿದ್ದಾಗ ಓಡುವ ದಾರಿ ಅದು.

ಬಚ್ಚಲಿನ ನೆಲದ ಗುಂಡಿಯನ್ನು ತಿಂಗಳಿಗೊಮ್ಮೆ ಶುಚಿ ಮಾಡಿ. ಉದ್ದ ಕೂದಲಿನವರಿರುವ ಮನೆಯಲ್ಲಿ ಇನ್ನೂ ಬೇಗ. ಕೈಗವಸು ಹಾಕಿ ಮೇಲಿನ ಜಾಲರಿ ಎತ್ತಿ. ಒಳಗೆ ನೀರು ನಿಲ್ಲಿಸುವ ಪ್ಲಾಸ್ಟಿಕ್ ಬಟ್ಟಲಿದ್ದರೆ ನೇರವಾಗಿ ಮೇಲಕ್ಕೆ ಎಳೆಯಿರಿ. ಕೂದಲನ್ನು ಕಸಕ್ಕೆ ಹಾಕಿ, ಬಟ್ಟಲನ್ನು ಪಾತ್ರೆ ಸೋಪು, ಬ್ರಷ್‌ನಿಂದ ಉಜ್ಜಿ. ಅದರ ರಬ್ಬರ್ ಉಂಗುರಕ್ಕೆ ಸ್ವಲ್ಪ ಸೋಪು ಸವರಿ, ಪೂರ್ತಿ ಕೂರುವವರೆಗೆ ಒತ್ತಿ, ನೀರು ತುಂಬಿಸಿ, ಜಾಲರಿ ಮುಚ್ಚಿ. ಶುಚಿ ಮಾಡಿದ ಮೇಲೂ ಚರಂಡಿ ವಾಸನೆ ಬಂದರೆ ಉಂಗುರ ಸರಿಯಾಗಿ ಕೂತಿಲ್ಲ. ಕಾಸ್ಟಿಕ್ ಸೋಡಾ ಬೇಡ, ಜಿಡ್ಡಿನ ಜೊತೆ ಸೇರಿ ಅದೇ ಗಟ್ಟಿ ಗಂಟಾಗಬಹುದು. ಸ್ನಾನದ ಜಾಗದ ಗೋಡೆಗೆ ಮೊಳೆಯನ್ನಂತೂ ಹೊಡೆಯಲೇಬೇಡಿ. ಟೈಲ್ಸಿನ ಹಿಂದೆ ನೀರು ತಡೆಯುವ ಪದರವಿದೆ, ತೂತಾದರೆ ವರ್ಷಗಳ ಬಳಿಕ ಗೋಡೆ ಕೊಳೆತದ್ದು ಗೊತ್ತಾಗುತ್ತದೆ. ಕೊಕ್ಕೆ ಬೇಕಿದ್ದರೆ ಅಂಟಿಸುವಂಥದ್ದು ತನ್ನಿ.

ಅಂಗಡಿಯಲ್ಲಿ

ಬೆಲೆಚೀಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಕಿಲೋ ಅಥವಾ ಲೀಟರಿನ ಬೆಲೆಯನ್ನೇ ಓದಿ, ದೊಡ್ಡ ಪೊಟ್ಟಣವೇ ಅಗ್ಗ ಎಂದೇನಿಲ್ಲ. "ಬೆಸ್ಟ್ ಫೋರೆ" (ಈ ದಿನದೊಳಗೆ ಉತ್ತಮ) ಎಂಬ ದಿನಾಂಕ ದಾಟಿದ ಹಾಲು, ಮೊಸರು, ಮೊಟ್ಟೆಯನ್ನು ಮೂಸಿ, ರುಚಿ ನೋಡಿ ಬಳಸಬಹುದು. "ಸಿಸ್ತ ಫೋರ್‌ಬ್ರುಕ್ನಿಂಗ್ಸ್‌ಡಾಗ್" (ಬಳಸಲು ಕೊನೆಯ ದಿನ) ಎಂದು ಬರೆದಿದ್ದರೆ, ಅದು ಕೊಚ್ಚಿದ ಮಾಂಸದಂಥವುಗಳ ಮೇಲಿರುತ್ತದೆ, ದಿನ ದಾಟಿದ ಮೇಲೆ ತಿನ್ನಬೇಡಿ. ಬಾಟಲಿ ನೀರು ಕೊಳ್ಳಬೇಡಿ, ನಲ್ಲಿಯ ತಣ್ಣೀರೇ ಕುಡಿಯುವ ನೀರು. ಬಿಸಿನೀರಿನ ನಲ್ಲಿಯದನ್ನು ಮಾತ್ರ ಅಡುಗೆಗೆ, ಕುಡಿಯಲು ಬಳಸಬಾರದು, ಬಿಸಿ ಕೊಳವೆಯ ಲೋಹ ಅದರಲ್ಲಿ ಕರಗಿರಬಹುದು.

ಜುಲೈಯಲ್ಲಿ ಊರಿಗೆ ಹೊರಡುವಾಗ

ಜುಲೈ ಬಂತೆಂದರೆ ಅರ್ಧ ಕಟ್ಟಡ ಖಾಲಿ. ನೀವೂ ಐದಾರು ವಾರ ಊರಿಗೆ ಹೊರಟರೆ, ಕೊನೆಯ ಸ್ನಾನವಾದ ಮೇಲೆ ಬಚ್ಚಲ ಗುಂಡಿಗೆ ಒಂದು ಲೀಟರ್ ನೀರು ಸುರಿದು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆಯ ಪದರ ನೀರು ಆರದಂತೆ ತಡೆಯುತ್ತದೆ, ಮನೆಯೊಳಗೆ ಚರಂಡಿ ಗಾಳಿ ನುಗ್ಗದು. ಪಾತ್ರೆ ತೊಳೆಯುವ ಯಂತ್ರದ ನಲ್ಲಿ ಮುಚ್ಚಿ, ಅದರ ಬಾಗಿಲು ಓರೆ ಮಾಡಿ. ಹಸಿಕಸದ ಚೀಲ ಕೆಳಗೆ ಹೋಗಲಿ. ಗಾಳಿಯ ಕಂಡಿಗಳೆಲ್ಲ ತೆರೆದೇ ಇರಲಿ. ಬಟ್ಟೆಕೋಣೆಯ ಹಲಗೆಯ ಮೇಲೆ ಆಗಸ್ಟಿನ ಯಾವುದಾದರೂ ಪಾಳಿಯಲ್ಲಿ ನಿಮ್ಮ ಬೀಗ ಉಳಿದಿದ್ದರೆ, ನೀವು ಅಷ್ಟರಲ್ಲಿ ವಾಪಸಾಗುತ್ತೀರೋ ಇಲ್ಲವೋ ನೋಡಿಕೊಂಡು, ಇಲ್ಲವಾದರೆ ತೆಗೆದುಬಿಡಿ.